ಘಟಪ್ರಭೆಯ ದಂಡೆಯಿಂದ ಎಂಜಿನ್ ರೂಮಿಗೆ

ಬೀಳಗಿ ತಾಲ್ಲೂಕಿನ ಅನಗವಾಡಿಯಿಂದ ಕಾರವಾರದ ಕಡಲತೀರಕ್ಕೆ ರಸ್ತೆಯಲ್ಲಿ ಹತ್ತಿರ ಹತ್ತಿರ 300 ಕಿ.ಮೀ. ಊರ ಮಗ್ಗುಲಲ್ಲಿ ಘಟಪ್ರಭೆ ಇದೆ, ಅದರ ಮೇಲೆ ವಿಜಯಪುರ-ಹುಬ್ಬಳ್ಳಿ ಹೆದ್ದಾರಿಯ ಸೇತುವೆ ಇದೆ. ಆಲಮಟ್ಟಿ ಜಲಾಶಯ ತುಂಬಿದ ಮೇಲೆ ಹಿನ್ನೀರು ಇಲ್ಲಿಯ ತನಕ ಬಂದು ನಿಲ್ಲುತ್ತದೆ. ನೀರು ಕಂಡವರೇ ಎಲ್ಲರೂ, ಆದರೆ ಹಡಗು ಕಂಡವರು ಕಡಿಮೆ. ಹಾಗಿದ್ದೂ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಹತ್ತನೆಯದೋ ಐಟಿಐಯೋ ಮುಗಿಸಿ ಕೂತ ಹುಡುಗರ ಮೊಬೈಲಿಗೆ ಹಡಗಿನ ನೌಕರಿಯ ಜಾಹೀರಾತು ತಪ್ಪದೆ ಬಂದು ಬೀಳುತ್ತದೆ. ಬಿಳಿ ಸಮವಸ್ತ್ರ, ನೀಲಿ ಕಡಲು, ಡಾಲರ್ ಸಂಬಳ. ಮನೆಯ ಹಿರಿಯರಿಗೆ ಏಳುವ ಪ್ರಶ್ನೆ ಬೇರೆ: “ಹಡಗಿನ್ಯಾಗ ಕೆಲಸ ಅಂದ್ರ ಏನ್ ಕೆಲಸರೀ? ಅಲ್ಲಿ ನಮ್ಮ ಹುಡುಗಂದೇನೈತಿ?”

ಈ ಪ್ರಶ್ನೆಗೆ ನೇರ ಉತ್ತರ ಕೊಡುವುದೇ ಈ ಬರಹದ ಉದ್ದೇಶ. ಹಡಗಿನ ಡೆಕ್ ಮತ್ತು ಎಂಜಿನ್ ರೂಮಿನ ದುಡಿಮೆ ಕರಾವಳಿಯವರಿಗಷ್ಟೇ ಒಲಿಯುವ ವಿದ್ಯೆಯೆಂದು ನಾವು ತಿಳಿದಿದ್ದೇವೆ. ಅದು ತಪ್ಪು ತಿಳಿವಳಿಕೆ. ಅದರಲ್ಲಿ ಮುಕ್ಕಾಲು ಪಾಲು ಕಾರ್ಖಾನೆಯ ಕೆಲಸ. ಬಾಯ್ಲರ್, ಪಂಪು, ವಾಲ್ವು, ವೆಲ್ಡಿಂಗು, ಬಣ್ಣ, ಹಗ್ಗ. ಸಕ್ಕರೆ ಕಾರ್ಖಾನೆಗಳ ನಡುವೆ ಬೆಳೆದ ನಮ್ಮ ಹುಡುಗರ ಕೈಗೆ ಅದು ದಕ್ಕದ್ದೇನಲ್ಲ. ಆದರೆ ಅಲ್ಲಿಯ ಅಪಾಯ, ಒಂಟಿತನ, ಅಲ್ಲಿಗೆ ಹೋಗುವ ಸರಿಯಾದ ದಾರಿ ಮೂರೂ ಗೊತ್ತಿಲ್ಲದೆ ಹೊರಟರೆ ಮನೆಯ ದುಡ್ಡೂ ಹೋಗುತ್ತದೆ, ಹುಡುಗನೂ ಸಿಕ್ಕಿಬೀಳುತ್ತಾನೆ.

ಕಡಲಿಲ್ಲದ ನಾಡಿನವರು ಹಡಗಿನ ಹೊಟ್ಟೆ ತುಂಬಿಕೊಂಡ ಇತಿಹಾಸ ಒಂದಿದೆ. ನಮ್ಮ ಭಾಗದವರಿಗೆ ಅದು ಬಹಳ ಹತ್ತಿರದ್ದು. ಈಗ ಪಾಕಿಸ್ತಾನದ ಹಿಡಿತದಲ್ಲಿರುವ ಕಾಶ್ಮೀರದ ಮೀರ್‌ಪುರ ಪ್ರದೇಶಕ್ಕೆ ಸಮುದ್ರ ಸಾವಿರ ಕಿ.ಮೀ. ಆಚೆ. ಅಲ್ಲಿಯವರು ಝೇಲಂ ಹೊಳೆಯಲ್ಲಿ ದೋಣಿ ನಡೆಸಿ ಸರಕು ಸಾಗಿಸಿ ಬದುಕಿದವರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಪಂಜಾಬಿಗೆ ರೈಲು ಬಂತು, ಹೊಳೆಯ ಸಾಗಾಟ ನಿಂತಿತು. ಕೆಲಸ ಕಳೆದುಕೊಂಡ ದೋಣಿಯವರು ಕರಾಚಿ, ಮುಂಬೈ ಬಂದರುಗಳಿಗೆ ಹೋಗಿ ಬ್ರಿಟಿಷ್ ಉಗಿಹಡಗುಗಳ ಕುಲುಮೆಗೆ ಕಲ್ಲಿದ್ದಲು ತುಂಬುವ ಕೆಲಸ ಹಿಡಿದರು. ಒಬ್ಬ ಹೋದ, ತಮ್ಮನನ್ನು ಕರೆದ, ಊರಿನವರನ್ನು ಕರೆದ. ನೋಡನೋಡುತ್ತ ಮುಂಬೈಯಿಂದ ಹೊರಡುವ ಹಡಗುಗಳ ಕುಲುಮೆ ಕೋಣೆಗಳಲ್ಲಿ ಮೀರ್‌ಪುರಿಗಳೂ ಪಂಜಾಬಿಗಳೂ ತುಂಬಿಕೊಂಡರು. ಕೋಲ್ಕತ್ತದ ಕಡೆ ಇದೇ ಕೆಲಸ ಹಿಡಿದವರು ಸಿಲ್ಹೆಟ್ಟಿನ ಹೊಳೆಯೂರುಗಳ ಜನ. ಮುಂದೆ 1960ರ ದಶಕದಲ್ಲಿ ಝೇಲಂಗೆ ಮಂಗ್ಲಾ ಅಣೆಕಟ್ಟು ಕಟ್ಟಿದಾಗ ಹಳೆಯ ಮೀರ್‌ಪುರ ಪಟ್ಟಣವೇ ಮುಳುಗಿತು, ಸುಮಾರು ಒಂದು ಲಕ್ಷ ಜನ ನೆಲೆ ಕಳೆದುಕೊಂಡರು. ಅವರಲ್ಲಿ ಬಹಳಷ್ಟು ಮಂದಿ ಇಂಗ್ಲೆಂಡಿಗೆ ಹೋಗಲು ಸಾಧ್ಯವಾದದ್ದು, ಹಡಗು ಬಿಟ್ಟು ಅಲ್ಲಿ ಮೊದಲೇ ನೆಲೆ ನಿಂತಿದ್ದ ಅಪ್ಪ, ಅಣ್ಣ, ಕಾಕಾಗಳು ಇದ್ದುದರಿಂದ.

ಹೊಳೆ, ಅಣೆಕಟ್ಟು, ಮುಳುಗಿದ ಊರು. ಈ ಮೂರು ಮಾತು ಬಾಗಲಕೋಟೆ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರ ಮೇ 22ರಂದು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟು, 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ ಲೋಕಾರ್ಪಣೆಯಾಗುವಷ್ಟರಲ್ಲಿ ಎಷ್ಟು ಮನೆಗಳ ಬೇಸಾಯ ನಿಂತಿತೆಂಬುದನ್ನು ನಮ್ಮ ಪುನರ್ವಸತಿ ಕೇಂದ್ರಗಳಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೊಲ ಹೋದ ಮನೆಯ ಮಗ ಎಲ್ಲಿಗೆ ಹೋಗಬೇಕು? ಗೋವಾದ ಕಟ್ಟಡದ ಕೆಲಸಕ್ಕೆ, ಪುಣೆಗೆ, ಬೆಂಗಳೂರಿಗೆ ಹೋಗುವುದು ನಮಗೆ ರೂಢಿಯಾಗಿದೆ. ಹಡಗಿನ ಹಾದಿ ಮಾತ್ರ ನಮ್ಮಲ್ಲಿ ಹುಟ್ಟಲಿಲ್ಲ. ತೋರಿಸುವ ಅಣ್ಣನೋ ಕಾಕಾನೋ ಇರಲಿಲ್ಲ ಎನ್ನುವುದೇ ಅದಕ್ಕೆ ದೊಡ್ಡ ಕಾರಣವೆಂದು ನನ್ನ ತಿಳಿವಳಿಕೆ.

ಆ ಕಾಲದ ಭಾರತೀಯ ನಾವಿಕರನ್ನು ಲಸ್ಕರರು ಎನ್ನುತ್ತಿದ್ದರು. ಡೆಕ್ ಮೇಲೆ ಸಾರಂಗ, ಅವನ ಕೆಳಗೆ ಟಿಂಡಾಲ, ಸಾಮಾನು ಕೋಣೆ ನೋಡುವ ಕಸಬ, ಚುಕ್ಕಾಣಿ ಹಿಡಿಯುವ ಸುಕ್ಕಾಣಿ, ಉಳಿದವರು ಖಲಾಸಿಗಳು. ಕೆಳಗೆ ಎಂಜಿನ್ ಸಾರಂಗ, ಎಣ್ಣೆ ಹಾಕುವ ತೇಲವಾಲ, ಬೆಂಕಿ ನೋಡುವ ಆಗವಾಲ, ಕಲ್ಲಿದ್ದಲು ಹೊರುವ ಕೋಯ್ಲಾವಾಲ. ಬಿಳಿಯ ನಾವಿಕನಿಗೆ ಸಿಗುತ್ತಿದ್ದ ಕೂಲಿಯ ಒಂದು ಪಾಲು ಮಾತ್ರ ಇವರ ಕೈಗೆ. ಮೊದಲ ಮಹಾಯುದ್ಧದಲ್ಲಿ ಸತ್ತ 896 ಲಸ್ಕರರ ಸ್ಮಾರಕ ಕೋಲ್ಕತ್ತದ ಹೇಸ್ಟಿಂಗ್ಸ್‌ನಲ್ಲಿ 1924ರಿಂದ ನಿಂತಿದೆ. ಬಂಗಾಳ, ಅಸ್ಸಾಮಿನ ಜತೆಗೆ ಉತ್ತರ ಭಾರತದ ಒಳನಾಡಿನವರ ನೆನಪೂ ಅದರಲ್ಲಿ ಸೇರಿದೆ. ನಮ್ಮ ಕರಾವಳಿಯಲ್ಲೂ ಈ ಪರಂಪರೆ ಬತ್ತಿಲ್ಲ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟು ಹೊತ್ತು ಹೋಗುವ ಮಂಜಿ ಎಂಬ ಸರಕು ಹಡಗುಗಳಲ್ಲಿ ದುಡಿಯುವವರನ್ನು ಇವತ್ತಿಗೂ ಖಲಾಸಿಗಳೆಂದೇ ಕರೆಯುತ್ತಾರೆ. ಪಣಂಬೂರಿನ ನವಮಂಗಳೂರು ಬಂದರನ್ನು ಇಂದಿರಾ ಗಾಂಧಿಯವರು 1975ರ ಜನವರಿ 11ರಂದು ಉದ್ಘಾಟಿಸಿದ ಮೇಲೆ ರಾಜ್ಯಕ್ಕೂ ದೊಡ್ಡ ಹಡಗುಗಳ ಬಾಗಿಲು ತೆರೆಯಿತು.

ಈಗಿನ ಹಡಗಿಗೆ ಬರೋಣ. ಜಗತ್ತಿನ ವ್ಯಾಪಾರದ ಸರಕಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಹೋಗುವುದು ಕಡಲ ಮೇಲೆ. ಇಷ್ಟೆಲ್ಲ ಹೊರುವ ಒಂದೊಂದು ಹಡಗಿನಲ್ಲಿ ಇರುವವರು ಇಪ್ಪತ್ತು-ಇಪ್ಪತ್ತೈದು ಜನ, ಅಷ್ಟೇ. 300 ಮೀಟರ್ ಉದ್ದದ ಹಡಗಿಗೂ ಅಷ್ಟೇ ಮಂದಿ. ಕ್ಯಾಪ್ಟನ್, ಅವರ ಕೈಕೆಳಗೆ ಮೂವರು ಡೆಕ್ ಅಧಿಕಾರಿಗಳು. ಚೀಫ್ ಎಂಜಿನಿಯರ್, ಅವರ ಕೈಕೆಳಗೆ ಎರಡು, ಮೂರು, ನಾಲ್ಕನೆಯ ಎಂಜಿನಿಯರುಗಳು, ಒಬ್ಬ ವಿದ್ಯುತ್ ಅಧಿಕಾರಿ. ಇವರು ಆಫೀಸರುಗಳು. ಉಳಿದವರು ರೇಟಿಂಗ್‌ಗಳು. ಡೆಕ್ಕಿನಲ್ಲಿ ಅವರ ಮೇಸ್ತ್ರಿ ಬೋಸನ್, ಅನುಭವಿ ನಾವಿಕ ಎ.ಬಿ., ಹೊಸಬ ಓ.ಎಸ್. ಎಂಜಿನ್ ರೂಮಿನಲ್ಲಿ ಫಿಟ್ಟರ್, ಮೋಟರ್‌ಮನ್, ವೈಪರ್. ಅಡುಗೆಗೆ ಒಬ್ಬ ಕುಕ್, ಒಬ್ಬ ಸಹಾಯಕ. ಹತ್ತನೆಯದು ಪಾಸಾಗಿ ಹೋಗುವ ನಮ್ಮ ಹುಡುಗ ಸೇರುವುದು ಓ.ಎಸ್. ಅಥವಾ ವೈಪರ್ ಮೆಟ್ಟಿಲಿಗೆ. ಅದಕ್ಕೂ ಮೊದಲು ಟ್ರೈನಿಯಾಗಿ ಕೆಲವು ತಿಂಗಳು. ಜಾಹೀರಾತಿನ ಬಿಳಿ ಸಮವಸ್ತ್ರ ಅವನ ಮೈಮೇಲೆ ಬರುವುದು ಅಪರೂಪ. ಕುತ್ತಿಗೆಯಿಂದ ಹಿಮ್ಮಡಿಯ ತನಕ ಒಂದೇ ಆಗಿರುವ ಬಾಯ್ಲರ್ ಸೂಟು, ಮುಂದೆ ಕಬ್ಬಿಣ ಕೂರಿಸಿದ ಬೂಟು, ತಲೆಗೆ ಹೆಲ್ಮೆಟ್ಟು, ಅದೇ ಅವನ ನಿತ್ಯದ ಉಡುಪು.

ಡೆಕ್ಕಿನ ದಿನ ಶುರುವಾಗುವುದು ತುಕ್ಕಿನಿಂದ. ಉಪ್ಪುನೀರು, ಉಪ್ಪುಗಾಳಿ ಸೇರಿ ಕಬ್ಬಿಣವನ್ನು ಹಗಲೂ ರಾತ್ರಿ ತಿನ್ನುತ್ತವೆ. ಚಿಪ್ಪಿಂಗ್ ಸುತ್ತಿಗೆಯಿಂದ ತುಕ್ಕು ಕೆತ್ತುವುದು, ತಂತಿಬ್ರಷ್ಷಿನಿಂದ ಉಜ್ಜುವುದು, ಸಿಹಿನೀರಿನಲ್ಲಿ ತೊಳೆಯುವುದು, ಪ್ರೈಮರ್ ಹಚ್ಚುವುದು, ಮೇಲೆ ಬಣ್ಣ. ಮುಂಭಾಗದಿಂದ ಶುರು ಮಾಡಿ ಹಿಂಭಾಗ ಮುಟ್ಟುವಷ್ಟರಲ್ಲಿ ಮುಂಭಾಗದಲ್ಲಿ ಮತ್ತೆ ತುಕ್ಕು. ಇದರ ಜತೆಗೆ ಕಾವಲು. ದಿನವನ್ನು ನಾಲ್ಕು-ನಾಲ್ಕು ಗಂಟೆಗಳಾಗಿ ಒಡೆದು ಮೂರು ಪಾಳಿ ಮಾಡುತ್ತಾರೆ. ನಾಲ್ಕು ಗಂಟೆ ಕಾವಲು, ಎಂಟು ಗಂಟೆ ಬಿಡುವು, ಮತ್ತೆ ನಾಲ್ಕು ಗಂಟೆ. ನಡುರಾತ್ರಿ ಹನ್ನೆರಡರಿಂದ ನಾಲ್ಕರ ಪಾಳಿಯವನು ಹಡಗು ನಡೆಸುವ ಕೋಣೆಯಾದ ಬ್ರಿಜ್ಜಿನ ಕತ್ತಲಲ್ಲಿ ನಿಂತು ಮೀನುಗಾರರ ಬೋಟಿನ ಮಿಣುಕು ದೀಪ ಹುಡುಕುತ್ತಿರುತ್ತಾನೆ. ಕೆಂಪು ದೀಪ ಯಾವುದು, ಹಸಿರು ಯಾವುದು ಎಂದು ಕಣ್ಣು ತಪ್ಪಿದರೆ ಎದುರಿನ ಹಡಗು ಯಾವ ಕಡೆ ಹೊರಟಿದೆಯೆಂಬುದೇ ತಲೆಕೆಳಗಾಗುತ್ತದೆ. ಬಣ್ಣಗುರುಡು ಇದ್ದವರನ್ನು ಈ ಕೆಲಸಕ್ಕೆ ತೆಗೆದುಕೊಳ್ಳದಿರುವುದು ಇದೇ ಕಾರಣಕ್ಕೆ.

ಹಡಗು ಬಂದರಿಗೆ ಬಂದು ಕಟ್ಟಿಕೊಳ್ಳುವ ಹೊತ್ತನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬಂದರಿನ ದಾರಿ ತೋರಿಸುವ ಪೈಲಟ್ ಹಗ್ಗದ ಏಣಿ ಹತ್ತಿ ಬಂದಿದ್ದಾರೆ, ಟಗ್ಗುಗಳು ಪಕ್ಕಕ್ಕೆ ಒತ್ತುತ್ತಿವೆ. ಮುಂದೆ ಬೋಸನ್ ಜತೆ ಇಬ್ಬರು ಮೂವರು, ಹಿಂದೆ ಅಷ್ಟೇ ಜನ. ತುದಿಗೆ ಗಂಟಿನ ಭಾರವಿರುವ ತೆಳು ಹಗ್ಗವನ್ನು ಒಬ್ಬ ಬೀಸಿ ಜೆಟ್ಟಿಗೆ ಎಸೆಯುತ್ತಾನೆ. ಅದರ ಹಿಂದೆಯೇ ತೊಡೆಯ ಅರ್ಧ ದಪ್ಪದ ಮೂರಿಂಗ್ ಹಗ್ಗ ನೀರಿಗಿಳಿದು ದಡ ಹತ್ತುತ್ತದೆ. ದಡದವರು ಕಂಬಕ್ಕೆ ಕುಣಿಕೆ ಹಾಕಿದ ಕೂಡಲೇ ವಿಂಚು ಎಳೆಯಲು ಶುರು. ಸಾವಿರಾರು ಟನ್ ಭಾರವನ್ನು ತಡೆದು ಹಗ್ಗ ಬಿಗಿಯುತ್ತದೆ, ತೆಳ್ಳಗಾಗುತ್ತದೆ, ಕಿರಗುಟ್ಟುತ್ತದೆ. ಆ ಗಳಿಗೆಯಲ್ಲಿ ಎಲ್ಲಿ ನಿಲ್ಲಬೇಕೆಂಬ ಅರಿವೇ ನಾವಿಕನ ಜೀವ. ಸಿಂಥೆಟಿಕ್ ಹಗ್ಗ ಹರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಕ್ಕೆ ಚಿಮ್ಮುತ್ತದೆ, ದಾರಿಯಲ್ಲಿ ಕಾಲು ಸಿಕ್ಕರೆ ಕಾಲು, ಎದೆ ಸಿಕ್ಕರೆ ಎದೆ. ಹಳೆಯ ಬೋಸನ್‌ಗಳು ಹೊಸ ಹುಡುಗನ ತೋಳು ಹಿಡಿದು ಎಳೆದು ಜಾಗ ಬದಲಿಸುತ್ತಾರೆ. ಬೈಗುಳವೂ ಇರುತ್ತದೆ. ಆ ಬೈಗುಳಕ್ಕೆ ಮನಸ್ಸು ನೋಯಿಸಿಕೊಳ್ಳಬಾರದು.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಜೋಳ ತುಂಬಿದ ಹಗೇವಿನ ಬಾಯಿ ತೆಗೆದ ಕೂಡಲೇ ಒಳಗಿಳಿಯಬಾರದು, ಗಾಳಿಯಾಡಲು ಬಿಡಬೇಕು, ಕಂದೀಲು ಇಳಿಬಿಟ್ಟು ದೀಪ ಉರಿಯುತ್ತದೋ ನೋಡಬೇಕು ಎಂದು ನಮ್ಮ ಅಜ್ಜಂದಿರು ಹೇಳುತ್ತಿದ್ದರಲ್ಲ, ಹಡಗಿನ ಮುಚ್ಚಿದ ಟ್ಯಾಂಕು, ಸರಕಿನ ಉಗ್ರಾಣ, ಲಂಗರಿನ ಸರಪಳಿ ಕೋಣೆ ಎಲ್ಲವೂ ಅದೇ ಬಗೆ. ಕಬ್ಬಿಣ ತುಕ್ಕು ಹಿಡಿಯುವಾಗ ಒಳಗಿನ ಆಮ್ಲಜನಕವನ್ನು ಹೀರಿಬಿಡುತ್ತದೆ. ಕಲ್ಲಿದ್ದಲು, ಮರದ ದಿಮ್ಮಿ, ಧಾನ್ಯವೂ ಹಾಗೆಯೇ. ವಾಸನೆಯಿಲ್ಲ, ಸೂಚನೆಯಿಲ್ಲ. ಇಳಿದವನು ಎರಡು ಮೆಟ್ಟಿಲಿಗೆ ಕುಸಿಯುತ್ತಾನೆ, ಎತ್ತಲು ಇಳಿದವನೂ ಅವನ ಪಕ್ಕದಲ್ಲೇ ಬೀಳುತ್ತಾನೆ. ಗ್ಯಾಸ್ ಮೀಟರಿನಿಂದ ಅಳೆಯದೆ, ಲಿಖಿತ ಪರವಾನಗಿ ಇಲ್ಲದೆ, ಬಾಯಿಯಲ್ಲಿ ಒಬ್ಬ ಕಾಯದೆ ಯಾರೂ ಒಳಗಿಳಿಯಕೂಡದೆಂಬ ನಿಯಮ ಎಲ್ಲ ಹಡಗುಗಳಲ್ಲೂ ಇದೆ. ಆದರೂ ಪ್ರತಿ ವರ್ಷ ನಾವಿಕರು ಹೀಗೆ ಸಾಯುತ್ತಿದ್ದಾರೆ. ಗಡಿಬಿಡಿಯಲ್ಲಿ ಮೇಲಿನವರು “ಇಳಿ” ಎಂದರೆ “ಮೀಟರ್ ತರಿ” ಎಂದು ಕೇಳುವ ಹಕ್ಕು ಕೆಳಗಿನವನಿಗೆ ಇದೆ. ಇದನ್ನು ಕಲಿಸದ ತರಬೇತಿ ತರಬೇತಿಯೇ ಅಲ್ಲ.

ಎಂಜಿನ್ ರೂಮು ಬೇರೆಯದೇ ಲೋಕ. ಮೂರು-ನಾಲ್ಕು ಮಹಡಿ ಎತ್ತರದ ಮುಖ್ಯ ಎಂಜಿನ್ನು, ನಿಮಿಷಕ್ಕೆ ನೂರರ ಆಚೀಚೆ ಸುತ್ತು, ಅಷ್ಟೇ. ಸದ್ದು ಮಾತ್ರ ಕಿವಿಮುಚ್ಚಿಗೆ ಹಾಕದೆ ನಿಲ್ಲಲಾಗದಷ್ಟು. ಬಿಸಿ ಕಡಲುಗಳಲ್ಲಿ ಒಳಗೆ 40-45 ಡಿಗ್ರಿ. ಸಮೀರವಾಡಿ, ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ಹಂಗಾಮಿನಲ್ಲಿ ಬಾಯ್ಲರ್ ಮನೆ, ಟರ್ಬೈನ್ ಮನೆಯಲ್ಲಿ ಮೂರು ಪಾಳಿ ದುಡಿದವರಿಗೆ ಈ ಕಾವು ಹೊಸದಲ್ಲ. ಉಗಿಯ ಒತ್ತಡ ಏನು ಮಾಡಬಲ್ಲದು, ಪಂಪಿನ ಸದ್ದು ಬದಲಾದರೆ ಬೇರಿಂಗ್ ಹೋಗಿದೆಯೆಂದು ಹೇಗೆ ಅರಿಯುವುದು, ಗ್ಲ್ಯಾಂಡ್ ಎಷ್ಟು ಬಿಗಿಯಬೇಕು, ಇವೆಲ್ಲ ಆ ಕೈಗಳಿಗೆ ಗೊತ್ತು. ನಮ್ಮ ಐಟಿಐಗಳಲ್ಲಿ ಫಿಟ್ಟರ್, ವೆಲ್ಡರ್, ಟರ್ನರ್ ಕಲಿತವನು ಹಡಗಿನ ಫಿಟ್ಟರ್ ಆಗಿ ಬೆಳೆದರೆ ಅವನ ಬೆಲೆ ದೊಡ್ಡದು. ನಡುಗಡಲಲ್ಲಿ ಪೈಪು ಒಡೆದರೆ ಹೊರಗಿನಿಂದ ಮೆಕ್ಯಾನಿಕ್ ಕರೆಸಲಾಗದು. ಲೇತು, ವೆಲ್ಡಿಂಗ್ ಯಂತ್ರ, ಒಬ್ಬ ಫಿಟ್ಟರು, ಇಷ್ಟೇ ಆಸರೆ.

ಇಂಧನದ ಪಯಣ ನೋಡಿದರೆ ಸಾಕು, ಅಲ್ಲಿಯ ಕೆಲಸದ ಸ್ವರೂಪ ಅರ್ಥವಾಗುತ್ತದೆ. ದೊಡ್ಡ ಹಡಗುಗಳು ಸುಡುವ ಭಾರದ ಎಣ್ಣೆ ಕಪ್ಪಗೆ, ತಣ್ಣಗಿದ್ದಾಗ ಡಾಂಬರಿನಷ್ಟು ಮಂದ. ಟ್ಯಾಂಕಿನಲ್ಲಿ ಉಗಿಕೊಳವೆಗಳಿಂದ ಕಾಯಿಸಿ ಹರಿಯುವಂತೆ ಮಾಡಬೇಕು. ಅಲ್ಲಿಂದ ಸೆಟ್ಲಿಂಗ್ ಟ್ಯಾಂಕಿಗೆ, ನೀರೂ ಕೆಸರೂ ತಳಕ್ಕಿಳಿಯಲು. ಆಮೇಲೆ ಸುಮಾರು 98 ಡಿಗ್ರಿಗೆ ಕಾಯಿಸಿ ಪ್ಯೂರಿಫೈಯರಿಗೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬಟ್ಟಲು ಅದು, ಉಳಿದ ನೀರನ್ನೂ ಕೊಳೆಯನ್ನೂ ಬೇರ್ಪಡಿಸುತ್ತದೆ. ಕೊನೆಗೆ ಎಂಜಿನ್ನಿಗೆ ಹೋಗುವ ಮುನ್ನ 120ರಿಂದ 140 ಡಿಗ್ರಿ. ಈ ದಾರಿಯ ಉದ್ದಕ್ಕೂ ಮೋಟರ್‌ಮನ್ ಸುತ್ತು ಹಾಕುತ್ತಿರಬೇಕು. ಟಾರ್ಚು, ಒಂದು ತುಂಡು ಬಟ್ಟೆ, ಒಂದು ಸ್ಪ್ಯಾನರು. ಗೇಜು ಓದುತ್ತಾನೆ, ಪೈಪಿನ ಜೋಡಣೆಗಳ ಕೆಳಗೆ ಬೆಳಕು ಹಾಯಿಸುತ್ತಾನೆ, ಹಡಗಿನ ತಳದ ಬಿಲ್ಜಿನಲ್ಲಿ ನೀರು ಏರಿದೆಯೋ ನೋಡುತ್ತಾನೆ. ಸೋರಿದ ಎಣ್ಣೆಯ ಒಂದು ಸಣ್ಣ ಚಿಲುಮೆ ಬಿಸಿ ಎಕ್ಸಾಸ್ಟ್ ಪೈಪಿನ ಮೇಲೆ ಬಿದ್ದರೆ ಬೆಂಕಿ ಹತ್ತಿತೆಂದೇ ಲೆಕ್ಕ. ಬೆಂಕಿ ಕೈಮೀರಿದರೆ ಕೊನೆಯ ಉಪಾಯ, ಬಾಗಿಲುಗಳನ್ನೆಲ್ಲ ಮುಚ್ಚಿ ಇಡೀ ಎಂಜಿನ್ ರೂಮಿಗೆ ಇಂಗಾಲದ ಡೈಆಕ್ಸೈಡ್ ತುಂಬುವುದು. ಅದಕ್ಕೂ ಮೊದಲು ತಲೆ ಎಣಿಸಬೇಕು, ಯಾರೊಬ್ಬರೂ ಒಳಗೆ ಉಳಿದಿಲ್ಲವೆಂದು ಖಚಿತವಾಗಬೇಕು.

ಬಂದರಿನಲ್ಲಿ ಎಂಜಿನ್ ನಿಂತ ಮೇಲೆ ವೈಪರಿನ ಪಾಲಿಗೆ ಬರುವ ಕೆಲಸ ಇನ್ನೂ ಕಷ್ಟದ್ದು. ಪಿಸ್ಟನ್ನುಗಳ ಕೆಳಗಿನ ಸ್ಕ್ಯಾವೆಂಜ್ ಜಾಗಕ್ಕೆ ನುಸುಳಿ, ಮಂಡಿಯೂರಿ, ಅಂಟಿದ ಕರಿ ಜಿಡ್ಡನ್ನು ಕೆರೆದು ಬಕೆಟ್ಟಿಗೆ ತುಂಬಬೇಕು. ಹೊರಬಂದಾಗ ಕಣ್ಣು, ಹಲ್ಲು ಬಿಟ್ಟು ಉಳಿದದ್ದೆಲ್ಲ ಕಪ್ಪು. ಆ ಜಿಡ್ಡನ್ನೂ ಎಣ್ಣೆ ಬೆರೆತ ನೀರನ್ನೂ ಕಡಲಿಗೆ ಬಿಡುವಂತಿಲ್ಲ. ಹತ್ತು ಲಕ್ಷ ಭಾಗದಲ್ಲಿ 15 ಭಾಗಕ್ಕಿಂತ ಹೆಚ್ಚು ಎಣ್ಣೆಯಿರುವ ನೀರು ಹೊರಗೆ ಹೋಗಕೂಡದೆಂದು ಅಂತರರಾಷ್ಟ್ರೀಯ ನಿಯಮ. ಖರ್ಚು ಉಳಿಸಲು ಕಳ್ಳಪೈಪು ಜೋಡಿಸಿ ಕಡಲಿಗೆ ಬಿಟ್ಟು ಸಿಕ್ಕಿಬಿದ್ದ ಹಡಗುಗಳಿವೆ, ಜೈಲು ಸೇರಿದ ಎಂಜಿನಿಯರುಗಳಿದ್ದಾರೆ. ಪೈಪು ಜೋಡಿಸಲು ಹೇಳಿಸಿಕೊಳ್ಳುವವನು ಫಿಟ್ಟರೇ ಆದ್ದರಿಂದ ಅವನಿಗೂ ಕಾನೂನು ಗೊತ್ತಿರಬೇಕು.

ಸಣ್ಣ ಕೆಲಸ ಎನ್ನುವಂಥದ್ದು ಅಲ್ಲಿ ಇಲ್ಲವೆಂಬುದಕ್ಕೆ 2024ರ ಮಾರ್ಚ್ 26ರ ನಸುಕು ಸಾಕ್ಷಿ. ಅಮೆರಿಕದ ಬಾಲ್ಟಿಮೋರಿನಿಂದ ಹೊರಟ ‘ಡಾಲಿ’ ಎಂಬ 300 ಮೀಟರ್ ಉದ್ದದ ಕಂಟೇನರ್ ಹಡಗಿನಲ್ಲಿ ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಚುಕ್ಕಾಣಿ ಹಿಡಿತಕ್ಕೆ ಸಿಗಲಿಲ್ಲ. ಹಡಗು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯ ಕಂಬಕ್ಕೆ ಬಡಿದು ಸೇತುವೆ ಕುಸಿಯಿತು, ಮೇಲೆ ರಸ್ತೆ ದುರಸ್ತಿ ಮಾಡುತ್ತಿದ್ದ ಆರು ಕಾರ್ಮಿಕರು ಸತ್ತರು. ಹಡಗಿನವರು ತಡಮಾಡದೆ ಅಪಾಯದ ಕರೆ ಕೊಟ್ಟಿದ್ದರಿಂದ ಸೇತುವೆಯ ಎರಡೂ ತುದಿಯಲ್ಲಿ ವಾಹನ ತಡೆಯಲಾಯಿತು, ಇಲ್ಲದಿದ್ದರೆ ಸಾವು ಇನ್ನೆಷ್ಟಾಗುತ್ತಿತ್ತೋ. ಹಡಗಿನ 21 ಸಿಬ್ಬಂದಿಯಲ್ಲಿ 20 ಜನ ಭಾರತೀಯರು, ವಾರಗಟ್ಟಲೆ ಅದೇ ಹಡಗಿನಲ್ಲೇ ಉಳಿಯಬೇಕಾಯಿತು. ತನಿಖೆ ಮುಗಿದು 2025ರ ನವೆಂಬರಿನಲ್ಲಿ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಹೇಳಿದ್ದು, ಮೊದಲ ಸಲ ಕರೆಂಟು ಹೋದದ್ದು ಸರಿಯಾಗಿ ಕೂರದ ಒಂದು ತಂತಿಯಿಂದ ಎಂದು.

ನಮ್ಮ ಕರಾವಳಿಯೂ ಇಂಥವನ್ನು ಕಂಡಿದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ‘ಕೋರಮಂಡಲ್ ಸಪೋರ್ಟರ್ 9’ ಎಂಬ ಟಗ್ಗು ಮೂಲ್ಕಿ ಬಳಿಯ ಬಂಡೆಗಳಲ್ಲಿ ಸಿಕ್ಕಿಕೊಂಡಿತು. ಅದರಲ್ಲಿದ್ದ ಒಂಬತ್ತು ಜನರನ್ನು ಕರಾವಳಿ ಕಾವಲು ಪಡೆಯೂ ನೌಕಾಪಡೆಯ ಹೆಲಿಕಾಪ್ಟರೂ ಸೇರಿ ಮೇ 17ರಂದು ಉಳಿಸಿದವು. ಅದೇ ದಿನ ಮುಂಬೈ ಆಚೆ 261 ಜನರಿದ್ದ ಪಿ-305 ಬಾರ್ಜು ಮುಳುಗಿ 70ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅದರಲ್ಲಿದ್ದವರು ಬಹುಪಾಲು ತೈಲಬಾವಿಗಳ ಗುತ್ತಿಗೆ ಕಾರ್ಮಿಕರು, ವೆಲ್ಡರು, ಫಿಟ್ಟರುಗಳು, ಹಳ್ಳಿಗಳಿಂದ ಹೋದವರು. 2025ರ ಜೂನ್ 9ರಂದು ಕೇರಳದ ಆಚೆ ‘ವಾನ್ ಹೈ 503’ ಹೊತ್ತಿ ಉರಿದಾಗ 22 ಸಿಬ್ಬಂದಿಯಲ್ಲಿ ಪಾರಾದ 18 ಜನರನ್ನು ಐಎನ್‌ಎಸ್ ಸೂರತ್ ನೌಕೆ ತಂದಿಳಿಸಿದ್ದು ಮಂಗಳೂರಿಗೆ. ನಾಲ್ವರು ಕಾಣೆಯಾದರು.

ಇನ್ನು ಮನಸ್ಸಿನ ಮಾತು. ರೇಟಿಂಗಿನ ಕರಾರು ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು. ಅಷ್ಟು ದಿನ ಬಸವ ಜಯಂತಿಯೂ ಇಲ್ಲ, ಕಾರಹುಣ್ಣಿಮೆಯೂ ಇಲ್ಲ. ಊಟದ ಮೇಜಿನಲ್ಲಿ ಜೋಳದ ರೊಟ್ಟಿ ಸಿಗುವ ಮಾತೇ ಇಲ್ಲ. ಕನ್ನಡ ಬಲ್ಲ ಇನ್ನೊಬ್ಬ ಇದ್ದರೆ ಅದೃಷ್ಟ. ಇಂಟರ್ನೆಟ್ಟು ಈಗ ಬಹಳ ಹಡಗುಗಳಲ್ಲಿದೆ, ಮನೆಯವರ ಮುಖ ನೋಡಬಹುದು. ಆದರೆ ಅವ್ವನಿಗೆ ಮೈ ಸರಿಯಿಲ್ಲವೆಂದು ಕೇಳಿದ ರಾತ್ರಿ ಹಡಗು ಇಳಿದು ಬರಲು ದಾರಿಯಿಲ್ಲ. 2020ರ ಕೊರೋನಾ ಕಾಲದಲ್ಲಿ ದೇಶಗಳು ಬಾಗಿಲು ಮುಚ್ಚಿ, ಕರಾರು ಮುಗಿದರೂ ಇಳಿಯಲಾಗದೆ ಜಗತ್ತಿನ ಸುಮಾರು ನಾಲ್ಕು ಲಕ್ಷ ನಾವಿಕರು ಹಡಗುಗಳಲ್ಲೇ ಉಳಿದರು. ಆ ಸಮಯದಲ್ಲಿ ನಮ್ಮ ಅಂಗಡಿಗಳಿಗೆ ಅಡುಗೆ ಎಣ್ಣೆ, ಬಂಕುಗಳಿಗೆ ಪೆಟ್ರೋಲು ನಿಲ್ಲದೆ ಬಂದದ್ದು ಅವರು ಕೆಲಸ ನಿಲ್ಲಿಸದ್ದರಿಂದ. ವೈದ್ಯರಿಗಾಗಿ ಬಡಿದಂತೆ ಅವರ ಹೆಸರಲ್ಲಿ ಯಾರೂ ತಟ್ಟೆ ಬಡಿದದ್ದು ನನಗೆ ನೆನಪಿಲ್ಲ. ಈ ನೋವು ನನಗೆ ಇವತ್ತಿಗೂ ಇದೆ.

ದುಡಿಯುವವನ ರಕ್ಷಣೆಗೆ 2006ರ ಕಡಲ ಕಾರ್ಮಿಕ ಒಪ್ಪಂದವಿದೆ, 2013ರಿಂದ ಜಾರಿಯಲ್ಲಿದೆ, ಭಾರತ 2015ರಲ್ಲಿ ಸಹಿ ಹಾಕಿ ಒಪ್ಪಿಕೊಂಡಿತು. ದಿನದ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ 77 ಗಂಟೆ ವಿಶ್ರಾಂತಿ ಸಿಗಲೇಬೇಕು. ಕೆಲಸಕ್ಕೆ ಸೇರಿಸಲು ನಾವಿಕನಿಂದ ಹಣ ಪಡೆಯಕೂಡದು. ಎ.ಬಿ. ದರ್ಜೆಯವನ ಕನಿಷ್ಠ ಮೂಲವೇತನ 2025ಕ್ಕೆ ತಿಂಗಳಿಗೆ 673 ಡಾಲರ್ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ವೇದಿಕೆ ಗೊತ್ತುಮಾಡಿತ್ತು; ಓವರ್‌ಟೈಮು, ರಜೆಯ ಹಣ ಬೇರೆ. ಹೊಸಬನಿಗೆ ಇದಕ್ಕಿಂತ ಕಡಿಮೆ. ಮನೆಯಲ್ಲಿರುವ ತಿಂಗಳುಗಳಿಗೆ ಬಹುತೇಕ ರೇಟಿಂಗ್‌ಗಳಿಗೆ ಸಂಬಳವಿಲ್ಲ. ಮದುವೆ ಮಾತುಕತೆಯಲ್ಲಿ ವರ್ಷದ ಹನ್ನೆರಡು ತಿಂಗಳೂ ಡಾಲರ್ ಎಣಿಸುವವರು ಇದನ್ನು ತಿಳಿದಿರಲಿ.

ಕಾಗದದ ಮೇಲೆ ಇಷ್ಟಿದ್ದರೂ ಮಾಲೀಕನೇ ಹಡಗು ಬಿಟ್ಟು ಓಡಿಹೋಗುವುದುಂಟು. ಸಂಬಳವಿಲ್ಲ, ಡೀಸೆಲ್ ಇಲ್ಲ, ಕೊನೆಗೆ ಊಟ-ನೀರೂ ಇಲ್ಲದೆ ಯಾವುದೋ ಬಂದರಿನಾಚೆ ಲಂಗರು ಹಾಕಿ ಕೂತ ಹಡಗುಗಳು. ಅಂತರರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟದ ಲೆಕ್ಕದಂತೆ 2024ರಲ್ಲಿ ಹೀಗೆ ಕೈಬಿಟ್ಟ ಹಡಗುಗಳು 312, ಸಿಕ್ಕಿಬಿದ್ದ ನಾವಿಕರು 3,133. ಅವರಲ್ಲಿ ಯಾವ ದೇಶದವರಿಗಿಂತಲೂ ಹೆಚ್ಚು, 899 ಜನ, ಭಾರತೀಯರು. ಕಳ್ಳ ಏಜೆಂಟರು ಹುಡುಗರನ್ನು ತಳ್ಳುವುದು ಇಂಥ ಹಳೆಯ, ಯಾರ ಹಿಡಿತಕ್ಕೂ ಸಿಗದ ಹಡಗುಗಳಿಗೇ.

ಆದ್ದರಿಂದ ದಾರಿ ಯಾವುದೆಂದು ಬಿಡಿಸಿ ಹೇಳುತ್ತೇನೆ. ಇಂಗ್ಲಿಷು, ಗಣಿತ, ವಿಜ್ಞಾನ ಇದ್ದು ಹತ್ತನೆಯದು ಪಾಸಾದವರಿಗೂ ಐಟಿಐ ಆದವರಿಗೂ ಆರು ತಿಂಗಳ ಜಿ.ಪಿ. (ಜನರಲ್ ಪರ್ಪಸ್) ರೇಟಿಂಗ್ ತರಬೇತಿ ಇದೆ. ಡೆಕ್ಕು, ಎಂಜಿನ್ನು ಎರಡರ ಪಾಠವೂ ಅದರಲ್ಲಿದೆ. ಆದರೆ ಸಂಸ್ಥೆಗೆ ಮುಂಬೈಯ ನೌಕಾಯಾನ ಮಹಾನಿರ್ದೇಶನಾಲಯದ ಮಾನ್ಯತೆ ಇರಬೇಕು. ನಮಗೆ ಹತ್ತಿರವೆಂದರೆ ಗೋವಾ. ನಾವಿಕರ ಸಂಘ ನುಸಿ ಅಲ್ಲಿನ ಚಿಂಚಿನಿಮ್‌ನಲ್ಲಿ ಅಕಾಡೆಮಿ ನಡೆಸುತ್ತಿದೆ. ತರಬೇತಿ ಸೇರುವ ಮುಂಚೆಯೇ ಮಾನ್ಯತೆಯಿರುವ ವೈದ್ಯರಿಂದ ಕಣ್ಣು, ಕಿವಿ, ಬಣ್ಣ ಗುರುತಿಸುವ ಪರೀಕ್ಷೆ ಮಾಡಿಸಿಕೊಳ್ಳಬೇಕು, ಫೀಸು ಕಟ್ಟಿದ ಮೇಲೆ ಅಲ್ಲ. ಮುಗಿದ ಮೇಲೆ ನಿರ್ಗಮನ ಪರೀಕ್ಷೆ, ಪಾಸಾದರೆ ನಾವಿಕನ ಗುರುತಿನ ಪುಸ್ತಕ ಸಿಡಿಸಿ. ಪಾಸಾದವರಿಗೆಲ್ಲ ತಕ್ಷಣ ಹಡಗು ಸಿಗುವುದಿಲ್ಲ, ತಿಂಗಳುಗಟ್ಟಲೆ ಕಾದವರಿದ್ದಾರೆ. ಆದ್ದರಿಂದ ಸೇರುವ ಮುಂಚೆ ಯಾವ ಕಂಪನಿ ತೆಗೆದುಕೊಳ್ಳುತ್ತದೆಂದು ಬರಹದಲ್ಲಿ ಕೇಳಿ. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಂಥಲ್ಲಿ ಮೆಕ್ಯಾನಿಕಲ್ ಓದಿದವರಿಗೆ ಒಂದು ವರ್ಷದ ಕೋರ್ಸಿನಿಂದ ಎಂಜಿನಿಯರ್ ಆಫೀಸರಾಗುವ ದಾರಿಯಿದೆ, ಎಲೆಕ್ಟ್ರಿಕಲ್‌ನವರಿಗೆ ವಿದ್ಯುತ್ ಅಧಿಕಾರಿಯಾಗುವ ದಾರಿಯಿದೆ. ವಯಸ್ಸಿನ ಮಿತಿ ಇರುವುದರಿಂದ ತಡ ಮಾಡಬಾರದು. ಹೆಣ್ಣುಮಕ್ಕಳಿಗೂ ಈ ಬಾಗಿಲು ಮುಚ್ಚಿಲ್ಲ. ಸೋನಾಲಿ ಬ್ಯಾನರ್ಜಿ 2001ರಲ್ಲೇ ದೇಶದ ಮೊದಲ ಮಹಿಳಾ ಮರೀನ್ ಎಂಜಿನಿಯರ್ ಆದರು.

ತರಬೇತಿ ಬೇಡ, ಹತ್ತು ದಿನದಲ್ಲಿ ಬೇರೆ ದೇಶದ ಸಿಡಿಸಿ ಕೊಡಿಸುತ್ತೇನೆ, ವಿಸಿಟ್ ವೀಸಾದಲ್ಲಿ ದುಬೈಗೆ ಹೋಗು, ಅಲ್ಲಿ ಹಡಗು ಕಾಯುತ್ತಿದೆ ಎನ್ನುವವನು ಮೋಸಗಾರ. ಹಡಗಿಗೆ ಜನ ಸೇರಿಸುವ ಪ್ರತಿ ಕಂಪನಿಗೂ ಆರ್‌ಪಿಎಸ್‌ಎಲ್ ಎಂಬ ಸರ್ಕಾರಿ ಪರವಾನಗಿ ಇರಬೇಕು, ಅದರ ಸಂಖ್ಯೆಯನ್ನು ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಜಿಲ್ಲೆಯ ಐಟಿಐಗಳು, ಪಾಲಿಟೆಕ್ನಿಕ್‌ಗಳು, ಉದ್ಯೋಗ ಮೇಳ ನಡೆಸುವವರು ವರ್ಷಕ್ಕೊಂದು ದಿನ ಈ ವಿಷಯವನ್ನೇ ತಿಳಿಸಿ ಹೇಳಲಿ. ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಬಾಯ್ಲರ್ ಮೇಸ್ತ್ರಿಯನ್ನೂ, ಕರಾವಳಿಯಿಂದ ಒಬ್ಬ ಅನುಭವಿ ಬೋಸನ್‌ರನ್ನೂ ಕರೆಸಿ ಹುಡುಗರ ಎದುರು ಕೂರಿಸಲಿ. ತಂದೆತಾಯಿಗಳಲ್ಲಿ ನನ್ನ ಬೇಡಿಕೆ ಒಂದೇ: ಹೊಲ ಮಾರಿದ ಹಣವಾಗಲಿ, ಮುಳುಗಡೆಯ ಪರಿಹಾರದ ಹಣವಾಗಲಿ ಏಜೆಂಟನ ಕೈಗಿಡುವ ಮುನ್ನ ಆ ಪರವಾನಗಿ ಸಂಖ್ಯೆ ಕೇಳಿ. ಸಂಖ್ಯೆ ಹೇಳಲು ಹಿಂದೆಮುಂದೆ ನೋಡುವವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.